ಬೀಗದ ಕೈ

ಚರಿತ್ರೆಯೆಂದೊಡನೆ ಅರಸರ ವಂಶಾವಳಿ, ಕಾಳಗಗಳ ತೇದಿ, ಒಪ್ಪಂದಗಳ ಷರತ್ತು ಇವೇ ಎಷ್ಟೋ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುತ್ತವೆ. ಪರೀಕ್ಷೆ ಮುಗಿದ ಮರುದಿನವೇ ಅವೆಲ್ಲ ಮರೆತುಹೋಗುವುದೂ ಉಂಟು. ಆದರೆ ಚರಿತ್ರೆಯನ್ನು ಓದುವುದಕ್ಕಾಗಿಯೇ ಅವಮಾನಗಳನ್ನು ನುಂಗಿಕೊಂಡವರಿದ್ದಾರೆ. ಹಳೆಯ ಕಾಗದಗಳಿರುವ ಕೋಣೆಯೊಳಕ್ಕೆ ಕಾಲಿಡುವ ಸಲುವಾಗಿ ಬಾಗಿಲಲ್ಲಿ ಕಾದು ನಿಂತವರಿದ್ದಾರೆ. ಅಮೆರಿಕದ ಇತಿಹಾಸಕಾರರಲ್ಲಿ ಅಗ್ರಗಣ್ಯರೆನಿಸಿದ ಜಾನ್ ಹೋಪ್ ಫ್ರಾಂಕ್ಲಿನ್ ಅಂಥವರಲ್ಲೊಬ್ಬರು.

ಓಕ್ಲಹೋಮ ರಾಜ್ಯದ ರೆಂಟೀಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ 1915ರ ಜನವರಿ 2ರಂದು ಅವರು ಹುಟ್ಟಿದರು. ಅದು ಕರಿಯ ಜನರೇ ನೆಲೆಸಿದ್ದ ಊರು. ತಂದೆ ವಕೀಲರು, ತಾಯಿ ಶಾಲೆಯ ಉಪಾಧ್ಯಾಯಿನಿ. ಮಗುವನ್ನು ನೋಡಿಕೊಳ್ಳುವವರಿಲ್ಲದ ಕಾರಣ ತಾಯಿ ಅವನನ್ನು ತಮ್ಮ ತರಗತಿಗೇ ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಅಲ್ಲಿ ಸುಮ್ಮನೆ ಕುಳಿತೇ ಮಗು ಐದು ವರ್ಷ ತುಂಬುವಷ್ಟರಲ್ಲಿ ಓದು ಬರಹ ಎರಡನ್ನೂ ಕಲಿತುಬಿಟ್ಟಿತ್ತು.

ಜಾನ್‌ಗೆ ಆರು ವರ್ಷವಾಗಿದ್ದಾಗ ನಡೆದ ಸಂಗತಿಯಿದು. ತಾಯಿ ಮಕ್ಕಳು ರೈಲು ಹತ್ತಿದರು. ಆತುರದಲ್ಲಿ ಅವರು ಕುಳಿತದ್ದು ಬಿಳಿಯರಿಗೆಂದು ಮೀಸಲಾದ ಡಬ್ಬಿಯಲ್ಲಿ. ಬೇರೆ ಡಬ್ಬಿಗೆ ಹೋಗೆಂದು ರೈಲಿನ ಅಧಿಕಾರಿ ಗದರಿಸಿದ. ಚಲಿಸುವ ಬಂಡಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಓಡಾಡಲಾರೆನೆಂದು ತಾಯಿ ಕದಲಲಿಲ್ಲ. ಬಂಡಿಯನ್ನು ನಿಲ್ಲಿಸಿ ಅವರನ್ನು ನಡುದಾರಿಯಲ್ಲಿಯೇ ಇಳಿಸಲಾಯಿತು. ಕಾಡುದಾರಿಯಲ್ಲಿ ಊರಿಗೆ ಮರಳುವಾಗ ಹುಡುಗ ಅತ್ತನು. ಅಳುವುದರಲ್ಲಿ ಶಕ್ತಿಯನ್ನು ವ್ಯಯ ಮಾಡಬಾರದು, ತಾನು ಯಾರಿಗೂ ಕಡಿಮೆಯಲ್ಲವೆಂದು ತೋರಿಸುವುದರಲ್ಲಿ ಅದನ್ನು ವಿನಿಯೋಗಿಸಬೇಕು ಎಂದು ತಾಯಿ ತಿಳಿಹೇಳಿದರು. ಆ ಮಾತು ಮಗನ ಬಾಳಿನುದ್ದಕ್ಕೂ ಊರುಗೋಲಾಯಿತು.

ಅದೇ 1921ರಲ್ಲಿ, ವಕೀಲಿ ವೃತ್ತಿಗಾಗಿ ತಂದೆ ನೆಲೆಸಿದ್ದ ಟಲ್ಸಾ ನಗರದಲ್ಲಿ ಬಿಳಿಯರ ಗುಂಪು ಕರಿಯರ ಬಡಾವಣೆಯನ್ನು ಸುಟ್ಟು ಬೂದಿ ಮಾಡಿತು. ತಂದೆಯ ಕಚೇರಿಯೂ ಉರಿದುಹೋಯಿತು. ಅವರು ಒಂದು ಡೇರೆಯನ್ನು ಹೂಡಿ, ಅದರಲ್ಲಿಯೇ ಕುಳಿತು ನೊಂದವರ ಪರವಾಗಿ ವ್ಯಾಜ್ಯಗಳನ್ನು ನಡೆಸಿದರು. ಸಂಸಾರ ಮತ್ತೆ ಒಂದೆಡೆ ಕೂಡಲು ನಾಲ್ಕು ವರ್ಷಗಳೇ ಬೇಕಾದವು. ಇಷ್ಟು ದೊಡ್ಡ ಅನಾಹುತವು ಬಹುಕಾಲ ಶಾಲೆಯ ಪುಸ್ತಕಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ನಡೆದದ್ದೆಲ್ಲವೂ ಚರಿತ್ರೆಯಲ್ಲಿ ದಾಖಲಾಗುವುದಿಲ್ಲ ಎಂಬ ಪಾಠವನ್ನು ಆ ಹುಡುಗ ಪುಸ್ತಕ ಹಿಡಿಯುವ ಮೊದಲೇ ಕಲಿತಿದ್ದನು.

ತಂದೆಯಂತೆ ವಕೀಲನಾಗಬೇಕೆಂಬ ಆಸೆಯಿಂದ ಆತ 1931ರಲ್ಲಿ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಥಿಯೋಡೋರ್ ಕರಿಯರ್ ಎಂಬ ಬಿಳಿಯ ಪ್ರಾಧ್ಯಾಪಕರು ಇತಿಹಾಸವನ್ನು ಬೋಧಿಸುತ್ತಿದ್ದರು. ಅವರ ಪಾಠವನ್ನು ಕೇಳಿದ ಮೇಲೆ ತರುಣನಿಗೆ ನ್ಯಾಯಶಾಸ್ತ್ರದ ಮೋಹ ಹರಿಯಿತು. ಚರಿತ್ರೆಯ ಅಧ್ಯಯನವೇ ತನ್ನ ದಾರಿ ಎನಿಸಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ದೊರೆತಾಗ ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ಮುಳುಗಿತ್ತು. ಮನೆಯಲ್ಲಿ ಹಣವಿರಲಿಲ್ಲ. ಹಣದ ಕೊರತೆಯಿಂದ ಈ ಶಿಷ್ಯನ ಓದು ನಿಲ್ಲಕೂಡದೆಂದು ನಿಶ್ಚಯಿಸಿದ ಗುರುಗಳು ಬ್ಯಾಂಕಿನಿಂದ ತಾವೇ 500 ಡಾಲರ್ ಸಾಲ ತೆಗೆದು ಅವನ ಕೈಯಲ್ಲಿಟ್ಟರು. ಗುರುಶಿಷ್ಯ ಸಂಬಂಧಕ್ಕೆ ಬಣ್ಣದ ಹಂಗಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾರ್ವರ್ಡಿನಲ್ಲಿ ಇತಿಹಾಸದ ವಿದ್ಯಾರ್ಥಿಗಳದೊಂದು ಸಂಘವಿತ್ತು. ಅದರ ಅಧ್ಯಕ್ಷ ಸ್ಥಾನಕ್ಕೆ ಫ್ರಾಂಕ್ಲಿನ್ನರು ಅತ್ಯಂತ ಪ್ರತಿಭಾವಂತನಾದ ಒಬ್ಬ ಯಹೂದಿ ತರುಣನ ಹೆಸರನ್ನು ಸೂಚಿಸಿದರು. ಆತ ಯಹೂದಿಯೆಂಬ ಕಾರಣಕ್ಕೇ ಕೆಲವರು ಮೂಗು ಮುರಿದರು. ತಾರತಮ್ಯಕ್ಕೆ ಒಂದೇ ಮುಖವಿಲ್ಲ, ವಿದ್ಯಾವಂತರ ನಡುವೆಯೂ ಅದು ಸಭ್ಯತೆಯ ಉಡುಪು ತೊಟ್ಟು ಸುಳಿಯುತ್ತದೆ ಎಂಬುದು ಅವರಿಗೆ ಅಂದು ಮನವರಿಕೆಯಾಯಿತು.

ಡಾಕ್ಟರೇಟ್ ಪದವಿಗೆ ಅವರು ಆರಿಸಿಕೊಂಡ ವಿಷಯ, ಅಂತರ್ಯುದ್ಧಕ್ಕೆ ಮುಂಚೆ ಉತ್ತರ ಕ್ಯಾರೊಲೈನಾ ರಾಜ್ಯದಲ್ಲಿ ಗುಲಾಮರಾಗಿರದೆ ಸ್ವತಂತ್ರರಾಗಿ ಬಾಳಿದ ಕರಿಯರ ಚರಿತ್ರೆ. 1860ರಲ್ಲಿ ಅಂಥವರ ಸಂಖ್ಯೆ ಅಲ್ಲಿ 30 ಸಾವಿರವನ್ನು ಮೀರಿತ್ತು. 1835ರವರೆಗೆ ಅವರಿಗಿದ್ದ ಮತದಾನದ ಹಕ್ಕನ್ನು ಆ ವರ್ಷ ಕಿತ್ತುಕೊಳ್ಳಲಾಯಿತು. ಇಂಥ ಜನರ ಬಾಳನ್ನು ಅರಿಯಲು ಜನಗಣತಿಯ ಪಟ್ಟಿ, ಮನವಿ ಪತ್ರ, ನ್ಯಾಯಾಲಯದ ಕಡತಗಳೇ ಆಧಾರ. ಅವೆಲ್ಲ ಇದ್ದದ್ದು ರಾಲಿ ನಗರದ ಸರ್ಕಾರಿ ದಫ್ತರಖಾನೆಯಲ್ಲಿ.

1939ರಲ್ಲಿ ಫ್ರಾಂಕ್ಲಿನ್ನರು ಅಲ್ಲಿಗೆ ಹೋದರು. ನಿರ್ದೇಶಕರು ತಬ್ಬಿಬ್ಬಾದರು. ಕರಿಯನೊಬ್ಬನು ಸಂಶೋಧನೆಗೆ ಬಂದಾನೆಂದು ಕಟ್ಟಡವನ್ನು ಕಟ್ಟಿಸಿದವರು ಊಹಿಸಿಯೇ ಇರಲಿಲ್ಲ. ಬಿಳಿಯರ ವಾಚನಾಲಯದಲ್ಲಿ ಅವರನ್ನು ಕೂರಿಸುವಂತಿಲ್ಲ. ಕೆಲವು ದಿನ ಬಿಟ್ಟು ಬರಲು ಹೇಳಿ, ಎದುರಿಗಿದ್ದ ಸಣ್ಣ ಕೋಣೆಯೊಂದನ್ನು ತೆರವು ಮಾಡಿಸಿ ಒಂದು ಮೇಜು, ಒಂದು ಕುರ್ಚಿ ಹಾಕಿಸಿದರು. ಕಡತಗಳನ್ನು ತಂದುಕೊಡುವ ಸೇವಕರೆಲ್ಲ ಬಿಳಿಯರು. ಅವರು ಕರಿಯನಿಗೆ ಸೇವೆ ಮಾಡಲು ಒಪ್ಪುವುದು ಸಂದೇಹ. ಆದುದರಿಂದ ನಿರ್ದೇಶಕರು ಉಗ್ರಾಣದ ಬೀಗದ ಕೈಯನ್ನೇ ಫ್ರಾಂಕ್ಲಿನ್ನರಿಗೆ ಕೊಟ್ಟು, ಬೇಕಾದುದನ್ನು ತಾವೇ ತೆಗೆದುಕೊಳ್ಳುವಂತೆ ತಿಳಿಸಿದರು.

ಹೀಗೆ ದೂರ ಇಡುವುದಕ್ಕಾಗಿ ಮಾಡಿದ ಏರ್ಪಾಟು ಅವರಿಗೆ ವರವಾಗಿ ಪರಿಣಮಿಸಿತು. ಅವರು ಕಡತಗಳನ್ನು ತಳ್ಳುಗಾಡಿಯಲ್ಲಿ ಪೇರಿಸಿಕೊಂಡು ವಾಚನಾಲಯದ ಮೂಲಕವೇ ಹಾದು ತಮ್ಮ ಕೋಣೆಗೆ ಹೋಗುತ್ತಿದ್ದರು. ಬಿಳಿಯ ಸಂಶೋಧಕರು ಸೇವಕರ ದಾರಿ ಕಾಯುತ್ತ ಕುಳಿತಿರುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಅವರು ನಿರ್ದೇಶಕರಲ್ಲಿ ದೂರಿತ್ತರು: ತಮಗೆ ತಾರತಮ್ಯವಾಗುತ್ತಿದೆ, ತಮಗೂ ಬೀಗದ ಕೈ ಬೇಕು! ನಿರ್ದೇಶಕರು ಫ್ರಾಂಕ್ಲಿನ್ನರಿಂದ ಬೀಗದ ಕೈಯನ್ನು ಹಿಂದಕ್ಕೆ ಪಡೆದರು. ಅಂದಿನಿಂದ ಬಿಳಿಯ ಸೇವಕರೇ ಅವರಿಗೂ ಕಡತಗಳನ್ನು ತಂದುಕೊಡಬೇಕಾಯಿತು. ಅನ್ಯಾಯವು ತಾನು ಹೆಣೆದ ಬಲೆಯಲ್ಲಿ ತಾನೇ ಸಿಲುಕಿಕೊಳ್ಳುವ ಬಗೆ ಇದು.

1941ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. 1947ರಲ್ಲಿ ಅಮೆರಿಕದ ಕರಿಯ ಜನಾಂಗದ ಇತಿಹಾಸವನ್ನು ನಿರೂಪಿಸುವ 'ಫ್ರಮ್ ಸ್ಲೇವರಿ ಟು ಫ್ರೀಡಮ್' ಎಂಬ ಗ್ರಂಥ ಹೊರಬಂದಿತು. ಕರಿಯರ ಕಥೆಯು ಅಮೆರಿಕದ ಕಥೆಗೆ ಅಂಟಿಸಿದ ಅನುಬಂಧವಲ್ಲ, ಅದರ ಜೀವನಾಡಿಯೇ ಎಂಬುದನ್ನು ಆ ಗ್ರಂಥ ಆಧಾರಸಹಿತವಾಗಿ ತೋರಿಸಿತು. ಅನೇಕ ವಿಶ್ವವಿದ್ಯಾನಿಲಯಗಳು ಅದನ್ನು ಪಠ್ಯವಾಗಿ ಇರಿಸಿದವು.

ಚರಿತ್ರೆಯ ಜ್ಞಾನ ಬಾಳಿಗೆ ಒದಗುವುದೇ ಎಂದು ಸಂಶಯಪಡುವವರಿಗೆ 1953ರ ಸಂಗತಿ ಉತ್ತರ ಕೊಡುತ್ತದೆ. ಶಾಲೆಗಳಲ್ಲಿ ಬಿಳಿಯ, ಕರಿಯ ಮಕ್ಕಳನ್ನು ಬೇರ್ಪಡಿಸುವುದು ನ್ಯಾಯವೇ ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮುಂದಿತ್ತು. 1868ರ ಸಂವಿಧಾನ ತಿದ್ದುಪಡಿಯನ್ನು ರಚಿಸಿದವರ ಉದ್ದೇಶವೇನಿತ್ತೆಂದು ನ್ಯಾಯಾಧೀಶರು ಕೇಳಿದರು. ಕರಿಯ ಮಕ್ಕಳ ಪರ ವಾದಿಸುತ್ತಿದ್ದ ತುರ್ಗುಡ್ ಮಾರ್ಷಲ್ ಇತಿಹಾಸಕಾರರ ನೆರವನ್ನು ಕೋರಿದರು. ವಾಷಿಂಗ್ಟನ್ನಿನಲ್ಲಿ ಅಧ್ಯಾಪಕರಾಗಿದ್ದ ಫ್ರಾಂಕ್ಲಿನ್ನರು ವಾರವಾರವೂ ನ್ಯೂಯಾರ್ಕಿಗೆ ಪ್ರಯಾಣ ಮಾಡಿ ದುಡಿದರು. ಚರಿತ್ರೆಯ ಸಾಕ್ಷ್ಯವೊಂದರಿಂದಲೇ ಪ್ರಶ್ನೆ ಬಗೆಹರಿಯದೆಂದು ನ್ಯಾಯಾಲಯ ಹೇಳಿತಾದರೂ, 1954ರ ಮೇ 17ರಂದು ಬೇರ್ಪಡಿಸುವಿಕೆ ಸಂವಿಧಾನಕ್ಕೆ ವಿರುದ್ಧವೆಂದು ಒಮ್ಮತದ ತೀರ್ಪನ್ನಿತ್ತಿತು.

ಆದರೆ ತೀರ್ಪು ಬದಲಾದಷ್ಟು ಬೇಗ ಮನಸ್ಸು ಬದಲಾಗದು. 1956ರಲ್ಲಿ ಅವರು ಬ್ರೂಕ್ಲಿನ್ ಕಾಲೇಜಿನ ಇತಿಹಾಸ ವಿಭಾಗದ ಮುಖ್ಯಸ್ಥರಾದರು. ಆ ಸುದ್ದಿ ಪತ್ರಿಕೆಯ ಮೊದಲ ಪುಟದಲ್ಲಿ ಬಂದಿತು. ಆದರೂ ಕಾಲೇಜಿಗೆ ಸಮೀಪದಲ್ಲಿ ಮನೆ ಕೊಳ್ಳಹೋದಾಗ ದಲ್ಲಾಳಿಗಳು ಮನೆ ತೋರಿಸಲೊಪ್ಪಲಿಲ್ಲ, ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. 1995ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ರಾಷ್ಟ್ರದ ಅತ್ಯುನ್ನತ ನಾಗರಿಕ ಪದಕ ಸ್ವೀಕರಿಸುವುದಕ್ಕೆ ಹಿಂದಿನ ಸಂಜೆ ಅವರು ವಾಷಿಂಗ್ಟನ್ನಿನ ಪ್ರತಿಷ್ಠಿತ ಕ್ಲಬ್ಬೊಂದರಲ್ಲಿ ಮಿತ್ರರಿಗೆ ಔತಣವಿತ್ತಿದ್ದರು. ಬಿಳಿಯ ಮಹಿಳೆಯೊಬ್ಬಳು ಅವರ ಕೈಗೆ ಬಿಲ್ಲೆಯೊಂದನ್ನು ಕೊಟ್ಟು, ತನ್ನ ಕೋಟು ತಂದುಕೊಡೆಂದು ಆಜ್ಞಾಪಿಸಿದಳು. ಸಮವಸ್ತ್ರ ಧರಿಸಿದ ಸೇವಕರು ಅಲ್ಲಿದ್ದಾರೆ, ಅವರಿಗೆ ಕೊಟ್ಟರೆ ಕೋಟು ದೊರೆತೀತೆಂದು ಅವರು ಶಾಂತವಾಗಿ ಉತ್ತರಿಸಿದರು.

2009ರ ಮಾರ್ಚ್ 25ರಂದು ಫ್ರಾಂಕ್ಲಿನ್ನರು ನಿಧನರಾದರು. ಅಷ್ಟು ನೊಂದಿದ್ದರೂ ಅವರು ದ್ವೇಷಕ್ಕಾಗಿ ಚರಿತ್ರೆಯನ್ನು ತಿರುಚಲಿಲ್ಲ. ಕಾಗದಗಳು ಹೇಳಿದ್ದನ್ನೇ ಹೇಳಿದರು. ಬೀಗದ ಕೈ ಅವರ ಬಳಿ ಇದ್ದುದು ಎರಡೇ ವಾರ. ಆದರೆ ಅವರು ತೆರೆದಿಟ್ಟ ಬಾಗಿಲನ್ನು ಮುಚ್ಚುವುದು ಯಾರಿಂದಲೂ ಆಗಲಿಲ್ಲ.