ಬಿಸಿಲೂರಿನ ನಾಯಕಿ

ಪ್ರೇಮ ಕಾದಂಬರಿಯ ನಾಯಕನಿಗೆ ಚಿಕ್ಕಮಗಳೂರಿನಲ್ಲೋ ಮಡಿಕೇರಿಯಲ್ಲೋ ಒಂದು ಕಾಫಿ ತೋಟ ಇರಲೇಬೇಕೆಂಬ ಕಾನೂನನ್ನು ಯಾವ ಪುಣ್ಯಾತ್ಮರು ಮಾಡಿದರೋ ಕಾಣೆ. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆದ ಮೇಲಂತೂ ತೋಟ, ಬಂಗಲೆ, ಮಂಜು ಎಲ್ಲವೂ ಖಾಯಂ ಆಗಿಬಿಟ್ಟವು. ನಾವು ದೇವದುರ್ಗದ ಹುಡುಗಿಯರು ಮಂಜನ್ನು ಕಂಡದ್ದು ಪರದೆಯ ಮೇಲೆ ಮಾತ್ರ. ಮೇ ತಿಂಗಳ ನಲವತ್ತೆರಡು ಡಿಗ್ರಿ ಬಿಸಿಲಲ್ಲಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಚಳಿಗೆ ಶಾಲು ಹೊದ್ದ ನಾಯಕಿಯ ಕಥೆ ಓದುತ್ತಿದ್ದೆವು. ಅದೂ ಒಂದು ಬಗೆಯ ಏರ್ ಕೂಲರ್ ಅನ್ನಿ!

‘ಸುಧಾ’ದ ಧಾರಾವಾಹಿಗಳನ್ನು ವಾರವಾರವೂ ಕತ್ತರಿಸಿ, ಗೋಣಿ ದಬ್ಬಣದಿಂದ ಹೊಲಿದು ಪುಸ್ತಕ ಮಾಡುವ ಕೆಲಸ ನಮ್ಮಕ್ಕನದು. 1983ರಲ್ಲಿ ‘ತರಂಗ’ ಶುರುವಾದಾಗ ಹೊಲಿಗೆ ಇನ್ನಷ್ಟು ಹೆಚ್ಚಿತು. ಉಷಾ ನವರತ್ನರಾಂ ಅವರ ‘ಬಂಧನ’ 1984ರಲ್ಲಿ ಸಿನಿಮಾ ಆದಾಗ, ಎಚ್.ಜಿ. ರಾಧಾದೇವಿಯವರ ಕಾದಂಬರಿ 1986ರಲ್ಲಿ ರಾಜಕುಮಾರರ ‘ಅನುರಾಗ ಅರಳಿತು’ ಆದಾಗ, ನಮ್ಮ ಓಣಿಯ ಹೆಂಗಸರು ತಮ್ಮದೇ ಮನೆಯ ಮದುವೆ ಎಂಬಂತೆ ಹಿಗ್ಗಿದರು. ರಾಯಚೂರಿನ ಕಡೆ ಇನ್ನೊಂದು ಅನುಕೂಲವಿತ್ತು. ತೆಲುಗು ಓದಬಲ್ಲವರ ಮನೆಗೆ ಯದ್ದನಪೂಡಿ ಸುಲೋಚನಾರಾಣಿಯವರ ಕಾದಂಬರಿಗಳೂ ಬರುತ್ತಿದ್ದವು. ಅಲ್ಲಿಯ ನಾಯಕನಿಗೆ ತೋಟದ ಬದಲು ದೊಡ್ಡ ಕಾರು, ಅದಕ್ಕಿಂತ ದೊಡ್ಡ ಅಭಿಮಾನ. ಒಟ್ಟಿನಲ್ಲಿ ನಮ್ಮೂರಿನವನು ಮಾತ್ರ ಯಾರೂ ಇರಲಿಲ್ಲ.

ಇಂಗ್ಲಿಷಿನ ಹಣೆಬರಹವೂ ಇದೇ ಎಂದು ಬ್ಯಾಂಕಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಹೇಳಿದಳು. ಅಲ್ಲಿ ‘ರೀಜೆನ್ಸಿ’ ಎಂಬುದೊಂದು ಕಾದಂಬರಿ ಕುಲವೇ ಇದೆ. ಇಂಗ್ಲೆಂಡಿನಲ್ಲಿ ಯುವರಾಜ ತಂದೆಯ ಬದಲಿಗೆ ರಾಜ್ಯಭಾರ ಮಾಡಿದ್ದು 1811ರಿಂದ 1820ರವರೆಗೆ, ಬರೀ ಒಂಬತ್ತು ವರ್ಷ. ಜೇನ್ ಆಸ್ಟಿನ್ ಆ ಕಾಲದಲ್ಲೇ ಬದುಕಿ ಬರೆದವರು. ಜಾರ್ಜೆಟ್ ಹೇಯರ್ 1935ರಲ್ಲಿ ‘ರೀಜೆನ್ಸಿ ಬಕ್’ ಬರೆದು ದಾರಿ ತೆರೆದ ಮೇಲೆ, ಆ ಒಂಬತ್ತು ವರ್ಷದೊಳಗೆ ಎಷ್ಟು ಡ್ಯೂಕುಗಳು ಮದುವೆಯಾದರೆಂದರೆ, ನಿಜವಾದ ಇಂಗ್ಲೆಂಡಿನಲ್ಲಿ ಅಷ್ಟು ಡ್ಯೂಕುಗಳು ಇದ್ದಿರಲಾರರು. ಅದರಲ್ಲೂ ಸಾಂಪ್ರದಾಯಿಕ ಮಾಲೆಯ ಪುಸ್ತಕಗಳಲ್ಲಿ ಕೊನೆಯ ಪುಟದ ಒಂದು ಮುತ್ತೇ ಗಡಿ. ನಮ್ಮಲ್ಲಿ ಅದೂ ಇಲ್ಲ, ಕೈಗೆ ಕೈ ತಾಗಿದರೆ ಅಧ್ಯಾಯ ಮುಗಿಯಿತು.

ಅಕ್ಕ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದಳು. ಮೂವತ್ತು ವರ್ಷ ನೋಟುಪುಸ್ತಕಗಳಲ್ಲಿ ಕಾದಂಬರಿ ಬರೆದಳು. ಮಾವನವರಿಗೆ ತಿಳಿಯಬಾರದೆಂದು ಮೇಲಿನ ಹಾಳೆಯಲ್ಲಿ ‘ಪಾಠ ಟಿಪ್ಪಣಿ’ ಎಂದಿರುತ್ತಿತ್ತು. ಓಣಿಯ ಹತ್ತು ಮನೆಗಳಲ್ಲಿ ಆ ಟಿಪ್ಪಣಿ ಸುತ್ತುತ್ತಿತ್ತು. ಅವಳ ನಾಯಕಿ ಗೌರಿ ರಾಯಚೂರಿನ ಹತ್ತಿ ಜಿನ್ನಿನಲ್ಲಿ ತೂಕದ ಲೆಕ್ಕ ಬರೆಯುವವಳು. ನಾಯಕ ನಾರಾಯಣಪುರ ಬಲದಂಡೆ ಕಾಲುವೆಯ ಕಿರಿಯ ಇಂಜಿನಿಯರು. ಎರಡನೆಯ ಕಾದಂಬರಿಯಲ್ಲಿ ಗೌರಿಯ ತಂಗಿಯ ಕಥೆ. ಆಕೆ ಮೆಚ್ಚುವವನು ಮಾನ್ವಿಯ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಹೊಲ, ನೀರು ತಲುಪಿದರೆ ಭತ್ತ, ಇಲ್ಲವಾದರೆ ಸಾಲ. ಮದುವೆ ಮಾತು ಮುಂದುವರಿಯುವುದು ನೀರು ಬಂದರೆ ಮಾತ್ರ. ನನ್ನನ್ನು ಕೇಳಿದರೆ, ಯಾವ ಡ್ಯೂಕಿನ ಉಯಿಲಿನಲ್ಲೂ ಇಷ್ಟು ಕುತೂಹಲವಿಲ್ಲ.

ನಿವೃತ್ತಳಾದ ಮೇಲೆ ಒಬ್ಬ ಪ್ರಕಾಶಕರಿಗೆ ಕಳಿಸಿದಳು. ‘ಕಥೆ ಚೆನ್ನಾಗಿದೆ, ಮಡಿಕೇರಿಗೆ ಬದಲಾಯಿಸಿದರೆ ಪ್ರಕಟಿಸಬಹುದು’ ಎಂದು ಉತ್ತರ ಬಂತು. ಅಕ್ಕ ಪತ್ರ ಮಡಚಿಟ್ಟಳು. “ಮಡಿಕೇರ್ಯಾಗ ನನ್ನ ಗೌರಿಗೆ ಯಾರದಾರ?” ಅಂದಳು.

ತಾನೇ ಅಚ್ಚು ಹಾಕಿಸುವುದೆಂದು ನಿರ್ಧಾರವಾಯಿತು, ಅದೂ ಮಾಲೆಯಾಗಿ. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿದ್ದು ಚಂದಾದಾರರನ್ನು ನೆಚ್ಚಿಕೊಂಡೇ ಎಂದು ಯಾವಾಗಲೋ ಓದಿದ್ದಳು. ಮೊದಲು ದುಡ್ಡು, ಆಮೇಲೆ ಪುಸ್ತಕ. ತಾನೂ ಹಾಗೇ ಓಣಿ ತಿರುಗಿ ಐವತ್ತೆರಡು ಹೆಸರು ಬರೆದುಕೊಂಡು ಬಂದಳು. ಉಳಿದದ್ದಕ್ಕೆ ಗ್ರಾಚ್ಯುಟಿ ಹಣ. ಮಗನಿಗೆ ಇದು ಸರಿಬರಲಿಲ್ಲ. “ಮದಲ ಮಾಳಿಗಿ ಮಾಡಿಸೋಣವ್ವಾ, ಮಳಿ ಬಂದ್ರ ಮನಿಯೆಲ್ಲಾ ಸೋರ್ತದ” ಎಂದ. ಅವನ ಮಾತೂ ಸುಳ್ಳಲ್ಲ. ಮಳೆ ಬಂದ ರಾತ್ರಿ ಅವರ ಮನೆಯಲ್ಲಿ ಕೊಡ, ತಂಬಿಗೆ, ಪರಾತ ಎಲ್ಲಕ್ಕೂ ಡ್ಯೂಟಿ. ಅಕ್ಕ ಹೇಳಿದ್ದಿಷ್ಟೇ: “ಮಾಳಿಗಿ ಇಪ್ಪತ್ತು ವರ್ಷದಿಂದ ಸೋರಾಕತ್ತದ, ಇನ್ನೊಂದು ಮಳಿಗಾಲ ತಡೀತದ. ನನಗ ಅರವತ್ತಾತು.” ಒಂದೊಂದಕ್ಕೆ ಐನೂರು ಪ್ರತಿ ಅಚ್ಚಾದವು. ಮಗ ಮೂರು ತಿಂಗಳು ತಾಯಿಯ ಜೊತೆ ಅಷ್ಟಕ್ಕಷ್ಟೇ ಮಾತಾಡಿದ.

ಬಿಡುಗಡೆ ರಾಯಚೂರಿನಲ್ಲೇ ಆಗಬೇಕೆಂದು ಹಟ ಹಿಡಿದವಳು ನಾನು. 1934ರಲ್ಲಿ ಪಂಜೆ ಮಂಗೇಶರಾಯರು, 1956ರಲ್ಲಿ ಶ್ರೀರಂಗರು, 2016ರಲ್ಲಿ ಬರಗೂರು ರಾಮಚಂದ್ರಪ್ಪನವರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಊರು ಇದು. ಒಂದು ಸಣ್ಣ ಸಭಾಂಗಣ ಹಿಡಿದು ನಲವತ್ತು ಕುರ್ಚಿ ಹಾಕಿಸಿದೆವು. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ತಟ್ಟೆಯಲ್ಲಿ ಪುಸ್ತಕ ಇಟ್ಟೆವು. ಮುಖ್ಯ ಅತಿಥಿಗಳು ನಲವತ್ತು ನಿಮಿಷ ತ್ರಿವೇಣಿಯವರ ಬಗ್ಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಆದರೆ ತಟ್ಟೆಯಲ್ಲಿದ್ದ ಪುಸ್ತಕ ಅವರಿಗೂ ಅದೇ ಆಗ ಬಿಡುಗಡೆಯಾಗುತ್ತಿತ್ತು. ಅಂದು ಮಾರಾಟವಾದದ್ದು ಒಂಬತ್ತು ಪ್ರತಿ, ಅದರಲ್ಲಿ ನಾಲ್ಕು ನನ್ನ ಬ್ಯಾಂಕಿನವರದು.

ದೇವದುರ್ಗದಲ್ಲಿ ಸಭೆ ಎನ್ನುವಂಥದ್ದೇನೂ ಇರಲಿಲ್ಲ. ಅಕ್ಕನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಚಂದಾ ಕೊಟ್ಟವರನ್ನು ಕರೆದು, ಅರಿಸಿನ ಕುಂಕುಮದ ಜೊತೆ ಪುಸ್ತಕ ಕೊಟ್ಟಳು. ಅಲ್ಲಿ ಜಗಳವೇ ಆಯಿತು. ನೋಟುಪುಸ್ತಕದಲ್ಲಿ ಗೌರಿ ಲಗ್ನದ ನಂತರ ಕೆಲಸ ಬಿಡುತ್ತಾಳೆ, ಅಚ್ಚಿನಲ್ಲಿ ಬಿಡುವುದಿಲ್ಲ. “ನಮಗ ಹೇಳದ ಕೇಳದ ಹೆಂಗ ಬದಲು ಮಾಡಿದ್ರಿ ಟೀಚರ?” ಎಂದು ಒಬ್ಬ ಅಜ್ಜಿ ಗದರಿದರು. “ಆಗ ನಮ್ಮ ಮಾವ ಇದ್ರು, ಯಮ್ಮಾ” ಎಂದಳು ಅಕ್ಕ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಅಜ್ಜಿ ಎರಡನೆಯ ಪುಸ್ತಕಕ್ಕೂ ಕೈ ಚಾಚಿದರು.

ಮಾನ್ವಿಗೆ ಹೋಗಲು ನಮಗೆ ಅಳುಕಿತ್ತು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು. ನೆಂಟರೊಬ್ಬರ ಮನೆಯಂಗಳದಲ್ಲಿ ಶಾಮಿಯಾನ. ಅಂದುಕೊಂಡಂತೆಯೇ ಹಿರಿಯರೊಬ್ಬರು ಎದ್ದು, “ದಾಸರ ಊರಾಗ ಈ ಪ್ರೇಮ ಪುರಾಣ ಯಾಕ ಬೇಕಾಗಿತ್ತವ್ವ?” ಎಂದು ಕೇಳಿಯೇಬಿಟ್ಟರು. ಅಕ್ಕ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬ ಹೆಣ್ಣುಮಗಳು, “ರುಕ್ಮಿಣಿ ಕೃಷ್ಣಗ ಪತ್ರ ಬರದು ಕಳಿಸಲಿಲ್ಲೇನ್ರಿ ಅಜ್ಜಾರ?” ಎಂದಳು. ಎಲ್ಲರಿಗಿಂತ ಮೊದಲು ನಕ್ಕವರು ಆ ಹಿರಿಯರೇ. ಅಂದು ಎಪ್ಪತ್ತಮೂರು ಪ್ರತಿ ಹೋದವು. ಲೆಕ್ಕ ಬರೆದುಕೊಂಡವನು, ನಂಬಿದರೆ ನಂಬಿ, ಅಕ್ಕನ ಮಗ.

ಉಳಿದ ಪ್ರತಿಗಳು ಈಗ ರಾಯಚೂರಿನಲ್ಲಿ ನನ್ನ ಮಂಚದ ಕೆಳಗಿವೆ. ದೇವದುರ್ಗದಲ್ಲಿಟ್ಟರೆ ನೆನೆಯುತ್ತವೆ, ಮಾಳಿಗೆ ಇನ್ನೂ ಆಗಿಲ್ಲ. ಮಾನ್ವಿಯ ಆ ಹೆಣ್ಣುಮಗಳು ಮೊನ್ನೆ ಫೋನ್ ಮಾಡಿ ಮೂರನೆಯ ಕಾದಂಬರಿಯ ಚಂದಾ ಯಾರಿಗೆ ಕೊಡಬೇಕೆಂದು ಕೇಳಿದಳು. ಜೊತೆಗೊಂದು ಕರಾರು: ಈ ಸಲವಾದರೂ ನೀರು ಕಾಲುವೆಯ ಕೊನೆಯ ಹೊಲಕ್ಕೆ ಲಗ್ನದ ಮೊದಲೇ ಬರಬೇಕಂತೆ. “ಅದು ನನ್ನ ಕೈಯಾಗಿಲ್ಲವ್ವಾ, ಮ್ಯಾಲಿನವ್ರು ಬಿಡಬೇಕು” ಎಂದಳಂತೆ ಅಕ್ಕ.