ಮೈದಾನಕ್ಕೆ ಗರಿಕೆಯೋ, ಪ್ಲಾಸ್ಟಿಕ್ಕೋ?

ಕಾಸರಗೋಡಿನ ಹುಡುಗರಿಗೆ ಕಾಲ್ಚೆಂಡಿನ ಹುಚ್ಚು ಹೊಸದಲ್ಲ. ಕೊಯಿಲು ಮುಗಿದ ಗದ್ದೆಯಿರಲಿ, ಮುರಕಲ್ಲಿನ ಪದವಿರಲಿ, ಸಮತಟ್ಟಾದ ನೆಲ ಕಂಡಲ್ಲೆಲ್ಲ ಚೆಂಡು ಉರುಳುತ್ತಿತ್ತು. ಈಚಿನ ವರ್ಷಗಳಲ್ಲಿ ಈ ಹುಚ್ಚಿಗೆ ಹೊಸದೊಂದು ವ್ಯಾಪಾರವೂ ಹುಟ್ಟಿಕೊಂಡಿದೆ. ರಸ್ತೆಬದಿಯಲ್ಲಿ ಎತ್ತರದ ಬಲೆ, ಕಣ್ಣು ಕೋರೈಸುವ ದೀಪ, ಅದರಡಿ ಎಂದೂ ಬಾಡದ ಹಸಿರು. ಜನ ಇದನ್ನು 'ಟರ್ಫ್' ಎನ್ನುತ್ತಾರೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ. ನಮ್ಮ ಮನೆಯ ಹುಡುಗರೂ ಬೆಳಕಿರುವಾಗಲೇ ಊಟ ಮುಗಿಸಿ, ಅಂಗಡಿಯ ಬಾಗಿಲು ಹಾಕಿದ ಮೇಲೆ ಅಲ್ಲಿಗೆ ಹೊರಡುತ್ತಾರೆ.

ಇದಕ್ಕೆ ನಮ್ಮ ಆಕ್ಷೇಪವಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ನಮ್ಮದು. ಆಷಾಢದಲ್ಲಿ ಹುಲ್ಲಿನ ಮೇಲೆ ನಾಲ್ಕು ದಿನ ಆಡಿದರೆ ಉಳಿಯುವುದು ಕೆಸರು. ಪ್ಲಾಸ್ಟಿಕ್ಕಿಗಾದರೋ ದಣಿವಿಲ್ಲ. ಅದು ಹೆಸರು ಮಾಡಿದ್ದೂ ಹುಲ್ಲು ಸೋತ ಸ್ಥಳದಲ್ಲೇ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 1965ರಲ್ಲಿ ತೆರೆದ ಆಸ್ಟ್ರೋಡೋಮ್ ಎಂಬ ಬೃಹತ್ ಕ್ರೀಡಾಂಗಣದ ಚಾವಣಿ ಪಾರದರ್ಶಕವಾಗಿತ್ತು. ಬಿಸಿಲಿನ ಝಳಪಿಗೆ ಆಟಗಾರರಿಗೆ ಚೆಂಡು ಕಾಣದೆಂದು ಚಾವಣಿಗೆ ಬಣ್ಣ ಬಳಿದರು; ಬೆಳಕಿಲ್ಲದೆ ಹುಲ್ಲು ಸತ್ತಿತು. ಮರುವರ್ಷ ಅಲ್ಲಿ ಕೃತಕ ಹುಲ್ಲು ಹಾಸಿದರು. 'ಆಸ್ಟ್ರೋಟರ್ಫ್' ಎಂಬ ಹೆಸರು ಬಂದದ್ದು ಹೀಗೆ.

ನಮ್ಮ ಮನೆಯಲ್ಲಿ ಚರ್ಚೆ ಎದ್ದದ್ದು ಬೇರೆ ಕಾರಣಕ್ಕೆ. ತೀರ್ಥರೂಪರ ಸ್ಮರಣಾರ್ಥ ಅವರು ಓದಿದ ಶಾಲೆಯ ಮೈದಾನಕ್ಕೆ ಏನಾದರೂ ಮಾಡಿಸಬೇಕೆಂದು ಅಣ್ಣತಮ್ಮಂದಿರೆಲ್ಲ ಸೇರಿ ಒಂದು ಮೊತ್ತ ತೆಗೆದಿರಿಸಿದ್ದೆವು. ಟರ್ಫ್ ಹಾಕಿಸಿಕೊಡಿ ಎಂದು ಶಾಲೆಯವರು ಕೇಳಿದರು. ಮಕ್ಕಳೂ ಅದಕ್ಕೇ ಕುಣಿದರು. ನಮ್ಮ ದೊಡ್ಡಪ್ಪನವರು ಇನ್ನೊಂದು ಮಾತು ಸೇರಿಸಿದರು: "ಹಸಿ ಹುಲ್ಲು ತುಳಿದರೆ ಏಕೇಂದ್ರಿಯ ಜೀವಿಗಳಿಗೆ ಹಿಂಸೆ. ಪ್ಲಾಸ್ಟಿಕ್ಕಿಗೆ ಆ ದೋಷವಿಲ್ಲವಲ್ಲ!"

ವ್ಯಾಪಾರದ ಮನೆತನದವರು ನಾವು. ಸರಕನ್ನು ತಿರುಗಿಸಿ ನೋಡದೆ ಕೊಳ್ಳುವುದುಂಟೇ? ವಿಚಾರಿಸಿ ತಿಳಿದದ್ದಿಷ್ಟು. ಈ ಹಾಸು ಎದ್ದು ನಿಲ್ಲಲು ಎಳೆಗಳ ನಡುವೆ ಮರಳು ಮತ್ತು ಸಾಮಾನ್ಯವಾಗಿ ಹಳೆಯ ಟಯರು ಅರೆದ ರಬ್ಬರಿನ ಹರಳು ತುಂಬುತ್ತಾರೆ. ಪೂರ್ಣ ಅಳತೆಯ ಮೈದಾನಕ್ಕೆ ಸುಮಾರು 100 ಟನ್ ರಬ್ಬರು ಬೇಕಾಗುವುದುಂಟು. ಸುಡುಬಿಸಿಲಿನಲ್ಲಿ ಇದರ ಮೇಲ್ಮೈ 60 ಡಿಗ್ರಿ ದಾಟಬಲ್ಲುದು. ದೀಪದ ಬೆಳಕಿನಲ್ಲಿ ಬೂಟು ಹಾಕಿ ಆಡುವವರಿಗೆ ಇದು ಬಾಧಕವಲ್ಲ. ಶಾಲೆಯ ಮಕ್ಕಳು ಆಡುವುದು ಹಗಲಿನಲ್ಲಿ, ಬಹುಪಾಲು ಬರಿಗಾಲಿನಲ್ಲಿ. ಎಂಟು-ಹತ್ತು ವರ್ಷಕ್ಕೆ ಹಾಸು ಸವೆಯುತ್ತದೆ. ಆಗ ಹೊಸದಕ್ಕೂ ಹಣ ಬೇಕು, ಹಳೆಯದನ್ನು ಸಾಗಿಸಲೂ ಹಣ ಬೇಕು. ಅಷ್ಟರಲ್ಲಿ ನಮ್ಮ ಮಳೆಗೆ ಆ ಹರಳು ಚರಂಡಿ ಸೇರಿ, ತೋಡಿಗಿಳಿದು, ಗದ್ದೆ ಮುಟ್ಟದಿರುತ್ತದೆಯೇ? ಇದೇ ಭಯದಿಂದ ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, ಇಂಥ ಹರಳುಗಳ ಮಾರಾಟ 2031ರಿಂದ ನಿಲ್ಲಬೇಕೆಂದು ವಿಧಿಸಿತು. ದೊಡ್ಡಪ್ಪನವರಿಗೆ ಇಷ್ಟನ್ನೇ ಅರಿಕೆ ಮಾಡಿದೆವು: "ತೋಡಿನ ಮೀನು, ಕಪ್ಪೆಗಳೂ ಜೀವಿಗಳೇ ಅಲ್ಲವೇ?" ಅವರು ಯೋಚಿಸಿ, "ಆ ಲೆಕ್ಕ ನಾನು ಹಿಡಿದಿರಲಿಲ್ಲ" ಎಂದರು.

ದೊಡ್ಡವರ ಅನುಭವವೂ ಕಣ್ಣೆದುರಿಗಿದೆ. ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ 2011ರಲ್ಲಿ ಕೃತಕ ಹುಲ್ಲು ಬಂತು. 2017ರ ಹದಿನೇಳರೊಳಗಿನವರ ವಿಶ್ವಕಪ್ಪಿಗೆ ಮುನ್ನ ಅದನ್ನು ಕಿತ್ತು ಬರ್ಮುಡಾ ಹುಲ್ಲು ಬೆಳೆಸಿದರು. ಹೆಸರು ಪರದೇಶದ್ದಾದರೂ ಬರ್ಮುಡಾ ಎಂದರೆ ನಮ್ಮ ಅಂಗಳದ ಗರಿಕೆಯ ಬಳಗವೇ! 2015ರಲ್ಲಿ ಕೆನಡಾದ ಮಹಿಳಾ ವಿಶ್ವಕಪ್ಪನ್ನು ಕೃತಕ ನೆಲದಲ್ಲಿ ನಡೆಸಿದಾಗ, ಗಂಡಸರಿಗೊಂದು ನೆಲ ನಮಗೊಂದು ನೆಲವೇ ಎಂದು ಆಟಗಾರ್ತಿಯರು ಅದಕ್ಕೆ ಮೊದಲೇ ದೂರು ಕೊಟ್ಟಿದ್ದರು. 2026ರ ವಿಶ್ವಕಪ್ಪಿಗಾದರೋ, ಕೃತಕ ಹಾಸಿದ್ದ ಕ್ರೀಡಾಂಗಣಗಳಲ್ಲೂ ನಿಜವಾದ ಹುಲ್ಲೇ ಇರಬೇಕೆಂದು ಫಿಫಾ ಕಟ್ಟುಮಾಡಿತು.

ಹಾಗಾದರೆ ನಮ್ಮೂರ ಶಾಲೆಗಳ ಮೈದಾನಗಳೇಕೆ ಬೋಳಾಗಿವೆ? ತಪ್ಪು ಗರಿಕೆಯದಲ್ಲ. ಅದಕ್ಕೆ ನೀರು ಬಸಿಯಲು ಕಾಲುವೆ ಬೇಕು, ಮರಳು ಬೆರೆಸಿದ ಮೇಲ್ಮಣ್ಣು ಬೇಕು, ಬೇಸಗೆಯಲ್ಲಿ ನೀರು, ಮಳೆಯಲ್ಲಿ ಬಿಡುವು, ಬೋಳಾದಲ್ಲಿ ಮರುನಾಟಿ ಬೇಕು. ಅಂದರೆ ದಿನವೂ ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ದಾನಿಗಳಾದ ನಮಗೆ ಉದ್ಘಾಟನೆ ಮಾಡಿ ಕಲ್ಲಿನಲ್ಲಿ ಹೆಸರು ಕೆತ್ತಿಸುವಂಥ ವಸ್ತು ಪ್ರಿಯ. ಹುಲ್ಲು ಕತ್ತರಿಸುವವನ ಸಂಬಳಕ್ಕೆ ಶಿಲಾಫಲಕ ಹಾಕಿಸಿದವರುಂಟೇ?

ಮನೆಯವರೆಲ್ಲ ಕೂತು ನಿರ್ಧರಿಸಿದೆವು. ಮೊತ್ತದ ಒಂದು ಪಾಲು ಕಾಲುವೆಗೆ, ಮಣ್ಣಿಗೆ, ಗರಿಕೆಗೆ. ಉಳಿದದ್ದು ಬ್ಯಾಂಕಿನ ಠೇವಣಿಗೆ; ಬಡ್ಡಿ ಮೈದಾನ ನೋಡಿಕೊಳ್ಳುವವನ ಸಂಬಳಕ್ಕೆ. ಹುಲ್ಲು ಬೇರೂರುವ ತನಕ ಆಟ ಬಂದ್ ಎಂದು ಮಕ್ಕಳು ಮುಖ ಊದಿಸಿದರು. ಕೈ ಬಿಗಿಹಿಡಿದೆವೆಂದು ಪೇಟೆಯಲ್ಲಿ ಮಾತೂ ಬಂತು. ಇರಲಿ. ಕೊಟ್ಟ ಹಣದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಒಂದೇ. ಸ್ಥಳ ಕಿರಿದಾಗಿದ್ದು, ರಾತ್ರಿ-ಮಳೆ ಎನ್ನದೆ ಆಡುವಲ್ಲಿ ಟರ್ಫ್ ಇರಲಿ. ಅದರ ವೆಚ್ಚವನ್ನು ಬಾಡಿಗೆಯೇ ತುಂಬುತ್ತದೆ. ಬಾಡಿಗೆ ಹುಟ್ಟದ ಶಾಲೆಯ ಮೈದಾನಕ್ಕೆ ಕೊಡುವಾಗ ಮಾತ್ರ, ಹತ್ತು ವರ್ಷದ ಮೇಲೆ ಇದರ ಖರ್ಚು ಯಾರ ಹೆಸರಿಗೆ ಬರೆಯಬೇಕೆಂದು ಮೊದಲು ಕೇಳಿಕೊಳ್ಳಿ. ಆ ಉತ್ತರ ಸಿಕ್ಕಿದ ಮೇಲೆ ಚೆಕ್ಕಿಗೆ ಸಹಿ ಹಾಕಿ.