ದಾವಣಗೆರೆಯ ಡಿಸೆಂಬರ್: ಹಾಜರಾತಿ, ಬೆಣ್ಣೆದೋಸೆ ಮತ್ತು ಊರಿನ ಬಸ್ಸು

ದಾವಣಗೆರೆ ಎಂದೊಡನೆ ಹೊರಗಿನವರಿಗೆ ಬೆಣ್ಣೆದೋಸೆ ನೆನಪಾಗುತ್ತದೆ. ಹಳಬರಿಗೆ ಹತ್ತಿ ಗಿರಣಿಗಳು. ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಊರು ಇದು. ಈಗ ಊರಿನ ದಿನಚರಿ ನಡೆಯುವುದು ಕಾಲೇಜಿನ ಗಂಟೆಗೆ. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. ಹೀಗೆ ವ್ಯಾಪಾರದ ಊರು ವಿದ್ಯೆಯ ಊರೂ ಆಯಿತು.

ಡಿಸೆಂಬರ್ ಬಂತೆಂದರೆ ವಿದ್ಯಾನಗರದ ಬಾಡಿಗೆ ಕೋಣೆಗಳಲ್ಲಿ ದೀಪ ಆರುವುದೇ ಇಲ್ಲ. ಸೆಮಿಸ್ಟರಿನ ಕೊನೆ. ಕೊನೆಯ ಇಂಟರ್ನಲ್ಸ್, ಸಹಿಗಾಗಿ ಕಾದಿರುವ ರೆಕಾರ್ಡು ಪುಸ್ತಕ, ಮುಗಿಯದ ಅಸೈನ್‌ಮೆಂಟು. ಜೆರಾಕ್ಸ್ ಅಂಗಡಿಯ ಮುಂದೆ ಜಾತ್ರೆ. ಇಡೀ ವರ್ಷ ಪರಿಚಯವೇ ಇಲ್ಲದಂತಿದ್ದ, ಮುದ್ದಾದ ಅಕ್ಷರದ ಹುಡುಗಿಗೆ ಈಗ ದಿಢೀರನೆ ಎಲ್ಲರೂ ಸ್ನೇಹಿತರು!

ಎಲ್ಲಕ್ಕಿಂತ ದೊಡ್ಡ ಭಯ ಸೂಚನಾ ಫಲಕದ್ದು. ಎಂಜಿನಿಯರಿಂಗಿನಲ್ಲಿ ಶೇ 85ರಷ್ಟು ಹಾಜರಾತಿ ಬೇಕು. ಎಂದರೆ ನೂರು ತರಗತಿಗಳಲ್ಲಿ ಹದಿನೈದು ತಪ್ಪಬಹುದು, ಅಷ್ಟೆ. ಜ್ವರಕ್ಕೆ ನಾಲ್ಕು, ಅಕ್ಕನ ಮದುವೆಗೆ ಐದು, ಊರ ಹಬ್ಬಕ್ಕೆ ಮೂರು; ಲೆಕ್ಕ ತಪ್ಪುವುದು ಹೀಗೆಯೇ. ಕೊರತೆಯ ಪಟ್ಟಿಯಲ್ಲಿ ಹೆಸರು ಬಂದು ವಿನಾಯಿತಿ ಸಿಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಆ ಸುದ್ದಿಯನ್ನು ಮನೆಗೆ ಹೇಳುವುದು ಫೇಲಾದ ಸುದ್ದಿ ಹೇಳುವುದಕ್ಕಿಂತ ಕಷ್ಟ.

ಸುಮಾರು 14 ಕಿ.ಮೀ. ದೂರದ ಹರಿಹರದಿಂದ ಬರುವವರ ಪಾಡು ಬೇರೆ. ಬೆಳಗಿನ ಚಳಿಯಲ್ಲಿ ಬಸ್ಸು ಹಿಡಿಯಬೇಕು. ಒಂದು ಬಸ್ಸು ತಪ್ಪಿದರೆ ಮೊದಲ ತರಗತಿಯೇ ತಪ್ಪಿತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ಟಿನ ಖರ್ಚಿಲ್ಲ, ಸೀಟಿನ ಚಿಂತೆ ಮಾತ್ರ ಉಳಿದಿದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅದರ ಸಂಬಳದಲ್ಲಿ ಎಷ್ಟೋ ಮನೆಗಳ ಮಕ್ಕಳು ಓದಿದರು. ಆ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿನ ತಂದೆತಾಯಂದಿರಿಗೆ ಮಗನ ಒಂದು ಸೆಮಿಸ್ಟರ್ ಎಂದರೆ ಬರಿಯ ಆರು ತಿಂಗಳಲ್ಲ, ಮನೆಯ ಭರವಸೆ.

ಪರೀಕ್ಷೆಯ ಮುಂಚೆ ಹರಿಹರೇಶ್ವರನ ಗುಡಿಯಲ್ಲಿ ಹುಡುಗರು ಕಾಣುವುದುಂಟು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ದೇಗುಲವಿದು. ಒಂದೇ ವಿಗ್ರಹದಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಇಂಟರ್ನಲ್ಸ್ ಒಬ್ಬನಿಗೆ, ಮುಖ್ಯ ಪರೀಕ್ಷೆ ಇನ್ನೊಬ್ಬನಿಗೆ ಒಪ್ಪಿಸಿ ಬರಬಹುದು! ಪಕ್ಕದಲ್ಲೇ ತುಂಗಭದ್ರೆ. ಅರ್ಧ ಗಂಟೆ ಹೊಳೆಯ ದಂಡೆಯಲ್ಲಿ ಕೂತರೆ ಅರ್ಧ ಭಯ ಇಳಿಯುತ್ತದೆ.

ಉಳಿದರ್ಧ ಇಳಿಸಲು ದಾವಣಗೆರೆಯ ಸಂಜೆಯಿದೆ. ಕೈಯಲ್ಲಿ ಕಾಸಿದ್ದರೆ, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟಿನ ಗರಿಗರಿ ಬೆಣ್ಣೆದೋಸೆ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ತಿಂಗಳ ಕೊನೆಯಾದರೆ ಮಂಡಕ್ಕಿ-ಮೆಣಸಿನಕಾಯಿಯೇ ಗತಿ. ಒಂದು ಪೊಟ್ಟಣಕ್ಕೆ ನಾಲ್ಕು ಕೈ. ಹೊಟ್ಟೆ ತುಂಬದಿದ್ದರೂ ಮನಸ್ಸು ತುಂಬುತ್ತದೆ.

ಕೊನೆಯ ಪತ್ರಿಕೆ ಬರೆದ ಸಂಜೆಯೇ ಬಸ್ ನಿಲ್ದಾಣ ಚೀಲಗಳಿಂದ ತುಂಬುತ್ತದೆ. ಕೊಳೆಯಾದ ಬಟ್ಟೆ, ಓದದೆ ಉಳಿದ ಒಂದೆರಡು ಪುಸ್ತಕ, ಹೇಳಬೇಕೋ ಬೇಡವೋ ಎಂಬ ಒಂದೆರಡು ಸಂಗತಿ ಆ ಚೀಲದಲ್ಲಿರುತ್ತವೆ. ಬಾಗಿಲಲ್ಲೇ ‘ಎಷ್ಟು ಬರುತ್ತೆ?’ ಎಂದು ಕೇಳಿದರೆ ಆ ಸಂಗತಿಗಳು ಚೀಲದಲ್ಲೇ ಉಳಿಯುತ್ತವೆ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ ಪಕ್ಕದಲ್ಲಿ ಕೂತರೆ, ಹಾಜರಾತಿಯ ಲೆಕ್ಕವೂ ಸೇರಿ ಎಲ್ಲವೂ ತಾನಾಗಿಯೇ ಹೊರಬರುತ್ತದೆ.